ವಿಧವೆಯರು ತೋರಿಸಿದ ಬಟ್ಟೆಗಳು

(ಅಪೊಸ್ತಲರ ಕೃತ್ಯಗಳು 9ನೇ ಅಧ್ಯಾಯ, 36ರಿಂದ 42ರ ವರೆಗಿನ ವಚನಗಳನ್ನು ಓದಿರಿ.)



ಯೊಪ್ಪವು ನಮ್ಮ ಭಟ್ಕಳ, ಹೊನ್ನಾವರ, ಕುಮಟಾಗಳಂತೆ ಸಮುದ್ರತೀರದ ಊರು. ಅಲ್ಲಿ ದೊರ್ಕಳೆಂಬ ಶಿಷ್ಯಳು ರೋಗದಿಂದ ತೀರಿಹೋದಾಗ ಪೇತ್ರನು ಅವಳ ಶವವನ್ನಿಟ್ಟಿದ್ದ ಮೇಲಂತಸ್ತಿಗೆ ಬಂದನು. ಅವನ ಸುತ್ತಲೂ ನಿಂತ ವಿಧವೆಯರು ಅಳುತ್ತಾ ಏನು ತೋರಿಸಿದರು? ದೊರ್ಕಳು ಬದುಕಿದ್ದಾಗ ಹೊಲಿದ ಬಟ್ಟೆಗಳನ್ನು. ಪೇಟೆಯಲ್ಲಿ ಮಾರಿದರೆ ಅವುಗಳಿಗೆ ಎಷ್ಟು ಸಿಕ್ಕೀತು? ಆದರೂ ದುಃಖದ ಆ ಗಳಿಗೆಯಲ್ಲಿ ಅವರ ಕೈಗಳು ಹುಡುಕಿದ್ದು ಅವುಗಳನ್ನೇ. ಮನುಷ್ಯರು ಯಾವ ಸೊತ್ತನ್ನು ಹೆಚ್ಚಾಗಿ ಪ್ರೀತಿಸುತ್ತಾರೆ, ಯಾಕೆ ಪ್ರೀತಿಸುತ್ತಾರೆ ಎಂಬದನ್ನು ಈ ವಿಧವೆಯರಿಂದ ಕಲಿಯೋಣ.

ಮೊದಲನೆಯದಾಗಿ, ಸೊತ್ತು ನಮಗೆ ಪ್ರಿಯವಾಗುವದು ಅದರಲ್ಲಿ ಅಡಗಿರುವ ಕೈಯ ನಿಮಿತ್ತ. ಕುಮಟಾ ಹೊನ್ನಾವರಗಳ ಸಂತೆಗಳಿಗೆ ಬರುವ ಹಾಲಕ್ಕಿ ಸ್ತ್ರೀಯರ ಕೊರಳು ತುಂಬಾ ಮಣಿಸರಗಳನ್ನು ನಾವು ಕಂಡಿದ್ದೇವಷ್ಟೆ. ಅಕ್ಕಸಾಲಿಗನ ತಕ್ಕಡಿಯಲ್ಲಿ ಅವುಗಳಿಗೆ ತೂಕವಿಲ್ಲ. ಆದರೆ ಅಜ್ಜಿಯೂ ತಾಯಿಯೂ ಧರಿಸಿದ್ದನ್ನು ಮಗಳು ಧರಿಸುವಾಗ ಅದಕ್ಕೆ ಬೆಲೆ ಕಟ್ಟುವವರಾರು?

2024ನೇ ಇಸವಿ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡವು ಕುಸಿದದ್ದನ್ನು ನಾವಾರೂ ಮರೆತಿಲ್ಲ. ನಮ್ಮ ಮೂರು ಊರುಗಳನ್ನು ಹಾದುಹೋಗುವ 66ನೇ ಹೆದ್ದಾರಿಯ ಮೇಲೆಯೇ ಅದು ಬಿದ್ದಿತು. ಮರದ ದಿಮ್ಮಿಗಳನ್ನು ಹೇರಿದ್ದ ಒಂದು ಲಾರಿಯು ಗಂಗಾವಳಿ ನದಿಯ ಪಾಲಾಗಿ, ಸೆಪ್ಟೆಂಬರ್ 25ರಂದು ನೀರಿನಿಂದ ಎತ್ತಲ್ಪಟ್ಟಿತು. ಆಗ ಅದರೊಳಗೆ ಮಗುವಿನ ಆಟಿಕೆಯ ಲಾರಿಯೊಂದು ಸಿಕ್ಕಿತು. ದಿಮ್ಮಿಗಳ ನಷ್ಟವನ್ನು ವ್ಯಾಪಾರಿಯು ಲೆಕ್ಕ ಹಾಕಬಹುದು. ಆ ಆಟಿಕೆಯನ್ನು ಯಾವ ಲೆಕ್ಕದಲ್ಲಿ ಬರೆಯೋಣ? ಆದಕಾರಣ ನೆರೆಯಿಂದಾಗಲಿ ಬೆಂಕಿಯಿಂದಾಗಲಿ ಮನೆ ಕಳಕೊಂಡವರ ಬಳಿಗೆ ಹೋಗುವಾಗ, ಅಕ್ಕಿ ಕಂಬಳಿಗಳನ್ನು ಕೊಟ್ಟು ಕೂಡಲೆ ಹಿಂದಿರುಗಬೇಡಿರಿ. ಅವರ ಪಕ್ಕದಲ್ಲಿ ಕೂತುಕೊಂಡು, ಏನು ಹೋಯಿತೆಂದು ಕೇಳಿರಿ. ಪೇತ್ರನು ಆ ವಿಧವೆಯರ ಬಟ್ಟೆಗಳನ್ನು ತಿರಸ್ಕರಿಸಲಿಲ್ಲ.

ಎರಡನೆಯದಾಗಿ, ಕೊಟ್ಟ ಕೈಯನ್ನು ಮರೆತು ವಸ್ತುವನ್ನು ಮಾತ್ರ ಹಿಡಿದುಕೊಂಡರೆ ಅದು ನಮಗೆ ಉರುಲಾಗುವದು. ತಾಯಿಯು ತೀರಿಕೊಂಡು ತಿಂಗಳು ತುಂಬುವದರೊಳಗೆ ಅವಳ ಒಂದೆಳೆ ಸರಕ್ಕಾಗಿ ಅಕ್ಕತಂಗಿಯರು ಮಾತು ಬಿಡುವದು, ಅಣ್ಣತಮ್ಮಂದಿರು ಒಂದೇ ಪ್ರಾರ್ಥನಾಲಯದಲ್ಲಿ ಮುಖ ತಿರುಗಿಸಿ ಕೂಡ್ರುವದು ನಮ್ಮ ಸಭೆಗಳಲ್ಲಿ ಇಲ್ಲವೋ? ತಾಯಿಯು ಆ ಸರವನ್ನು ಮಕ್ಕಳನ್ನು ಅಗಲಿಸುವದಕ್ಕಾಗಿ ಕೂಡಿಟ್ಟಳೋ? ಆಸ್ತಿಯನ್ನು ಪಾಲು ಮಾಡಿಸೆಂದು ಒಬ್ಬನು ಕರ್ತನ ಬಳಿಗೆ ಬಂದಾಗ, ಆತನು ಪಾಲುಗಾರನಾಗಲೊಪ್ಪದೆ, ಕಣಜಗಳನ್ನು ಹೆಚ್ಚಿಸಲು ಯೋಚಿಸಿದ ರಾತ್ರಿಯೇ ಸತ್ತ ಐಶ್ವರ್ಯವಂತನ ಸಾಮ್ಯವನ್ನು ಹೇಳಿದನೆಂದು ಲೂಕನ ಸುವಾರ್ತೆಯ 12ನೇ ಅಧ್ಯಾಯದಲ್ಲಿ ಓದುತ್ತೇವೆ. ದೂರ ಯಾಕೆ ಹೋಗಬೇಕು? ಹೊನ್ನಾವರದಿಂದ ಶರಾವತಿಯ ಮೇಲ್ಗಡೆಗಿರುವ ಗೇರುಸೊಪ್ಪೆಯನ್ನು ನೋಡಿರಿ. 16ನೇ ಶತಮಾನದಲ್ಲಿ ಅಲ್ಲಿ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿಯೆಂದು ಕರೆದರು. ಆ ಮೆಣಸಿನ ಸಂಪತ್ತು ಈಗೆಲ್ಲಿ? ಪೂಜೆಗಾಗಿ ಕಟ್ಟಿದ ಚತುರ್ಮುಖ ಬಸದಿಯು ಮಾತ್ರ ಕಾಡಿನ ನಡುವೆ ಇನ್ನೂ ನಿಂತಿದೆ.

ಮೂರನೆಯದಾಗಿ, ಒಳ್ಳೇ ಸೊತ್ತು ಬಿತ್ತುವದಕ್ಕಾಗಿ ಕಾಪಾಡಲ್ಪಡತಕ್ಕದ್ದು. ಕುಮಟಾದ ಅಘನಾಶಿನಿಯ ಅಳಿವೆಯಲ್ಲಿರುವ ಗಜನಿ ಭೂಮಿಯಲ್ಲಿ ಉಪ್ಪುನೀರನ್ನು ತಾಳುವ ಕಗ್ಗವೆಂಬ ಭತ್ತವು ಬೆಳೆಯುತ್ತದೆ. ಅದನ್ನು ಬೆಳೆಯುವವರು ಈಗ ಕಡಿಮೆಯಾಗಿದ್ದಾರೆ; ಆದರೂ ಕೆಲವು ಮನೆಯವರು ಹಿರಿಯರಿಂದ ಬಂದ ಆ ಬೀಜವನ್ನು ವರುಷ ವರುಷವೂ ಜೋಪಾನ ಮಾಡುತ್ತಾರೆ. ಹೇಗೆ ಜೋಪಾನ ಮಾಡುತ್ತಾರೆ? ಬಿತ್ತುವದರಿಂದಲೇ. ಕಣಜದಲ್ಲಿ ಮುಚ್ಚಿಟ್ಟ ಬೀಜವು ಕೆಲವು ವರುಷಗಳಲ್ಲಿ ಮೊಳೆಯುವ ಶಕ್ತಿಯನ್ನು ಕಳಕೊಳ್ಳುವದೆಂದು ಒಕ್ಕಲು ಮಕ್ಕಳಾದ ನಿಮಗೆ ನಾವು ಕಲಿಸಬೇಕಾಗಿಲ್ಲ. ದೊರ್ಕಳಿಗೂ ಒಂದು ಸೂಜಿಯು ಇದ್ದಿರಬೇಕು. ಅವಳು ಅದನ್ನು ತನ್ನೊಬ್ಬಳಿಗಾಗಿ ಇಟ್ಟುಕೊಂಡಿದ್ದರೆ ಆ ದಿನ ಅಳುವದಕ್ಕೆ ಯಾರು ಬರುತ್ತಿದ್ದರು?

ಪ್ರಿಯರೇ, ಆ ಮೇಲಂತಸ್ತಿನಲ್ಲಿ ಮುಂದೆ ನಡೆದದ್ದನ್ನು ಗಮನಿಸಿರಿ. ಪೇತ್ರನು ಮೊಣಕಾಲೂರಿ ಪ್ರಾರ್ಥಿಸಲಾಗಿ ದೇವರು ಹೊಲಿದ ಕೈಯನ್ನೇ ಆ ವಿಧವೆಯರಿಗೆ ಹಿಂದಕ್ಕೆ ಕೊಟ್ಟನು. ನಮಗೆ ಪ್ರಿಯರಾದವರ ಒಂದು ಕನ್ನಡಕವನ್ನೋ, ಹರಿದ ಸೀರೆಯನ್ನೋ, ಹಳೆಯ ಸತ್ಯವೇದವನ್ನೋ ನಾವು ಎದೆಗೊತ್ತಿಕೊಂಡಿದ್ದರೆ ಅದು ಪಾಪವಲ್ಲ. ಅವರನ್ನು ಪುನಃ ಕಾಣುವೆವೆಂಬ ನಿರೀಕ್ಷೆಗೆ ಅದು ಒಂದು ಗುರುತಾಗಿರಲಿ.

ಬರುವ ಭಾನುವಾರದೊಳಗೆ ನಿಮ್ಮ ಪೆಟ್ಟಿಗೆಯನ್ನು ತೆರೆದು, ನಿಮಗೆ ಅತಿಪ್ರಿಯವಾದದ್ದನ್ನು ಮಕ್ಕಳಿಗೆ ತೋರಿಸಿ, ಅದು ಯಾರ ಕೈಯಿಂದ ಬಂತೆಂದು ಹೇಳಿರಿ. ಅದರ ನಿಮಿತ್ತ ಒಡಹುಟ್ಟಿದವರಲ್ಲಿ ವ್ಯಾಜ್ಯವಿದ್ದರೆ ನೀವೇ ಮೊದಲು ಅವರ ಮನೆಯ ಮೆಟ್ಟಲನ್ನು ಹತ್ತಿರಿ. ನಾವು ಹೋದ ಮೇಲೆ ಯಾರಾದರೊಬ್ಬ ಬಡವನು ನಾವು ಕೊಟ್ಟದ್ದನ್ನು ಕೈಯಲ್ಲಿ ಹಿಡಿದು ನಮ್ಮನ್ನು ನೆನೆಯುವಂತೆ ಕರ್ತನು ನಮ್ಮ ಕೈಗಳನ್ನು ನಡಿಸಲಿ. ಆಮೆನ್.