ಹನ್ನೆರಡನೇ ಬೆಡ್ಡಿನ ಅಜ್ಜಿ

ರಾತ್ರಿ ಪಾಳಿ ಮುಗಿಸಿದ ನರ್ಸ್ ಒಂದು ಹೊತ್ತು ಗಡದ್ದಾಗಿ ನಿದ್ದೆ ಮಾಡಿದರೆ ಆಯಾಸ ಇಳಿಯಬೇಕು. ವಾರದ ರಜೆ ಕಳೆದರೂ, ತವರಿನ ಹಬ್ಬಕ್ಕೆ ಹೋಗಿ ಬಂದರೂ ಅದು ಇಳಿಯದೆ, ಮತ್ತೆ ಡ್ಯೂಟಿಗೆ ಹೊರಡಬೇಕು ಎಂದೊಡನೆ ಹೊಟ್ಟೆ ತೊಳಸಿದಂತಾದರೆ ಅದನ್ನು ಬರೀ ಆಯಾಸ ಎನ್ನಲಾಗದು. ಇದಕ್ಕೇ ಬರ್ನ್‌ಔಟ್ ಎನ್ನುವುದು. ಆದರೆ ನನಗೆ ಹೆಚ್ಚು ಗಾಬರಿ ಹುಟ್ಟಿಸುವುದು ಅದರ ಇನ್ನೊಂದು ಲಕ್ಷಣ.

ನನಗೆ ಬೇಕಾದ ಸಿಸ್ಟರ್ ಒಬ್ಬರು ತಾಲ್ಲೂಕು ಆಸ್ಪತ್ರೆಯೊಂದರಲ್ಲಿದ್ದಾರೆ. ಡ್ರಿಪ್ ಹಾಕಲು ನರ ಹುಡುಕುತ್ತ, ವಯಸ್ಸಾದವರ ಕೈ ಸವರುತ್ತ, "ಅಜ್ಜೀ, ಯಾವೂರು ನಿಮ್ದು? ಮೊಮ್ಮಕ್ಕಳೆಷ್ಟು?" ಎಂದು ಮಾತಿಗೆಳೆಯುತ್ತಿದ್ದರು. ಅಜ್ಜಿ ಮೊಮ್ಮಕ್ಕಳ ಲೆಕ್ಕ ಮುಗಿಸುವಷ್ಟರಲ್ಲಿ ಸೂಜಿ ಒಳಗೆ ಹೋಗಿ ಪ್ಲಾಸ್ಟರ್ ಅಂಟಿರುತ್ತಿತ್ತು. ಅಂಥವರ ಬಾಯಲ್ಲಿ ಬರಬರುತ್ತ ಅಜ್ಜಿ ಹೋಗಿ "ಹನ್ನೆರಡನೇ ಬೆಡ್ಡು" ಬಂತು. "ಹನ್ನೆರಡನೇ ಬೆಡ್ ಕಡೆಯವರು ಯಾರ್ರೀ, ಎಷ್ಟು ಸಲ ಹೇಳೋದು?" ಎಂಬ ಗದರಿಕೆ ಬಂತು. ಅವರ ಸ್ವಭಾವ ಕೆಟ್ಟಿರಲಿಲ್ಲ. ಮೂವರು ನೋಡಬೇಕಾದ ವಾರ್ಡನ್ನು ರಾತ್ರಿಯಿಡೀ ಒಬ್ಬರೇ ನೋಡುತ್ತಿದ್ದರು. ಸಿಗಬೇಕಾದ ನೈಟ್ ಆಫ್ ಸಿಗುತ್ತಿರಲಿಲ್ಲ.

1974ರಲ್ಲಿ ಬರ್ನ್‌ಔಟ್ ಬಗ್ಗೆ ಬರೆದ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಕೂಡ ಇಂಥದೇ ಜಾಗದಲ್ಲಿ ದುಡಿದವರು. ನ್ಯೂಯಾರ್ಕಿನಲ್ಲಿ ಮಾದಕ ವ್ಯಸನಿಗಳೂ ಬರುತ್ತಿದ್ದ ಉಚಿತ ಚಿಕಿತ್ಸಾಲಯ ಅದು. ಅಲ್ಲಿ ಬಸವಳಿದು ಕೂತವರು ಕೆಲಸಗಳ್ಳರಲ್ಲ, ಎಲ್ಲರಿಗಿಂತ ಹೆಚ್ಚು ಮನಸ್ಸಿಟ್ಟು ದುಡಿದವರು ಎಂಬುದನ್ನು ಅವರು ಕಂಡರು. ಮುಂದೆ ಇನ್ನೊಬ್ಬ ಮನೋವಿಜ್ಞಾನಿ ಕ್ರಿಸ್ಟೀನಾ ಮಾಸ್ಲಾಕ್ ಇದನ್ನು ಅಳೆಯಲು ಪ್ರಶ್ನಾವಳಿ ರೂಪಿಸಿದರು. ಎಷ್ಟು ವಿಶ್ರಾಂತಿ ಸಿಕ್ಕರೂ ತೀರದ ಬಳಲಿಕೆ, ಎದುರಿಗಿರುವವರನ್ನು ಮನುಷ್ಯರೆಂದು ಕಾಣಲಾಗದ ನಿರ್ಲಿಪ್ತಿ, ತಾನು ಮಾಡಿದ್ದು ಯಾವುದಕ್ಕೂ ಬರಲಿಲ್ಲ ಎಂಬ ಭಾವ, ಇವು ಅವರು ಗುರುತಿಸಿದ ಲಕ್ಷಣಗಳು. ಬಳಲಿಕೆ ನಮಗೇ ತಿಳಿಯುತ್ತದೆ. ನಿರ್ಲಿಪ್ತಿ ಮಾತ್ರ ಬೇರೆಯವರ ಕಣ್ಣಿಗೆ ಮೊದಲು ಬೀಳುತ್ತದೆ, ಅದೂ ದುರಹಂಕಾರದ ವೇಷದಲ್ಲಿ. ದೂರು ಹೋಗುತ್ತದೆ, ನೋಟಿಸ್ ಬರುತ್ತದೆ. ಒಳಗಿನ ಸಂಕಟ ಕೇಳುವವರು ಇರುವುದಿಲ್ಲ.

2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬರ್ನ್‌ಔಟನ್ನು ಕಾಯಿಲೆಯ ಲೆಕ್ಕಕ್ಕೆ ಸೇರಿಸಲಿಲ್ಲ. ಕೆಲಸದ ಜಾಗದ ಒತ್ತಡ ಬಹುಕಾಲ ಸರಿಯಾಗಿ ನಿಭಾಯಿಸಲ್ಪಡದೆ ಉಳಿದಾಗ ಹುಟ್ಟುವ ಸ್ಥಿತಿ ಎಂದು ವಿವರಿಸಿತು. ಮದ್ದು ಕೆಲಸದ ಜಾಗಕ್ಕೂ ಬೇಕು ಎಂಬುದನ್ನು ನಾನು ಇದರಿಂದ ತಿಳಿಯುತ್ತೇನೆ. ಒಂದು ದಿನದ ಯೋಗ ಶಿಬಿರ, ಒಂದು ಗಂಟೆಯ ಪ್ರೇರಣಾ ಭಾಷಣ ಏರ್ಪಡಿಸಿ, ಮರುದಿನ ಅದೇ ಡ್ಯೂಟಿ ಪಟ್ಟಿ ಕೈಗಿಟ್ಟರೆ ಏನು ಬಂತು? ವಾರಕ್ಕೆ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಿಗೆ 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು ಹೆಚ್ಚು ಎಂದು ಇದೇ ಸಂಸ್ಥೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಜೊತೆ 2021ರಲ್ಲಿ ಹೇಳಿತು. ಉಸಿರಾಟದ ವ್ಯಾಯಾಮದಿಂದ ಗಂಟೆಗಳೇನೂ ಕಡಿಮೆಯಾಗುವುದಿಲ್ಲ.

ಆ ಸಿಸ್ಟರ್ ಒಬ್ಬರೇ ನುಂಗಿಕೊಳ್ಳಲಿಲ್ಲ, ಅದೇ ಒಳ್ಳೆಯದಾಯಿತು. ಜೊತೆಯವರನ್ನು ಸೇರಿಸಿ, ಹಿಂದಿನ ತಿಂಗಳುಗಳ ಪಟ್ಟಿ ಹರಡಿಕೊಂಡು, ಯಾರಿಗೆ ಎಷ್ಟು ರಾತ್ರಿ ಬಿದ್ದಿದೆ, ಎಷ್ಟು ಆಫ್ ಬಾಕಿ ಇದೆ ಎಂದು ಬರೆದು ಮೇಲಿನವರಿಗೆ ಕೊಟ್ಟರು. ಖಾಲಿ ಹುದ್ದೆಗಳು ಇನ್ನೂ ಖಾಲಿಯೇ ಇವೆ. ಸಾಲಾಗಿ ಬೀಳುತ್ತಿದ್ದ ರಾತ್ರಿಗಳು ಮಾತ್ರ ಕಡಿಮೆಯಾದವು, ನೈಟ್ ಆಫ್ ಸಿಗತೊಡಗಿತು. ಗದರಿಕೆಯೂ ತಗ್ಗಿದೆ. ಇಷ್ಟಕ್ಕೇ ಇಷ್ಟು ಬದಲಾವಣೆ ಆಗುವುದಾದರೆ, ಮೊದಲೇ ಯಾಕೆ ಮಾಡಲಿಲ್ಲ ಎಂದು ನನಗೆ ಸಿಟ್ಟು ಬರುತ್ತದೆ.

ಕೆಲಸದ ಬೇಸರ ಕೆಲಸದಲ್ಲೇ ನಿಲ್ಲದೆ ಊಟ, ಮಕ್ಕಳು, ಹಾಡು ಯಾವುದೂ ಬೇಡವೆನಿಸಿದರೆ, ಬದುಕೇ ಸಾಕೆನಿಸಿದರೆ, ಪಟ್ಟಿ ಬದಲಾಗಲಿ ಎಂದು ಕಾಯುತ್ತ ಕೂರಬಾರದು. ವೈದ್ಯರನ್ನು ಕಾಣಬೇಕು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಮನೆಯವರಿಗೂ ಒಂದು ಮಾತು. ರಾತ್ರಿಯಿಡೀ ವಾರ್ಡಿನಲ್ಲಿ ಓಡಾಡಿ ಬಂದ ಹೆಣ್ಣುಮಗಳಿಗೆ ಹಗಲಲ್ಲಿ ನಮ್ಮ ಮನೆಗಳು ನಿದ್ದೆ ಕೊಡುವುದಿಲ್ಲ. ಹಾಲಿನವನ ಬೆಲ್ಲು, ಮಗುವಿನ ಯೂನಿಫಾರಂ, ಹತ್ತು ಗಂಟೆಗೆ ಬರುವ ನೆಂಟರು, ಎಲ್ಲದಕ್ಕೂ ಅವಳೇ ಏಳಬೇಕು. ದಯವಿಟ್ಟು ಅವಳನ್ನು ಎಬ್ಬಿಸಬೇಡಿ. ಅವತ್ತಿನ ಅಡುಗೆ ನೀವೇ ಮಾಡಿ.