ಕೈ ದಾಟುವ ಕೊಳೆ

ಕೈಗೂಸು ಎತ್ತಿಕೊಂಡು ಪ್ರಯಾಣ ಹೊರಟವರ ಸುತ್ತ ಎರಡು ಪಕ್ಷಗಳು ತಾವಾಗಿಯೇ ಹುಟ್ಟಿಕೊಳ್ಳುತ್ತವೆ. ‘ದಾರಿಯಲ್ಲಾದರೂ ಡೈಪರ್ ಹಾಕಬಾರದೇನಮ್ಮಾ?’ ಎನ್ನುವವರದು ಒಂದು. ‘ನಮ್ಮ ಕಾಲದಲ್ಲಿ ಹಳೇ ಪಂಚೆ ಹರಿದು ಕಟ್ತಿದ್ವಿ, ಮಕ್ಕಳು ಬೆಳೀಲಿಲ್ವೇ?’ ಎನ್ನುವವರದು ಇನ್ನೊಂದು. ವಾದ ಸಾಮಾನ್ಯವಾಗಿ ಮಗುವಿನ ಚರ್ಮ, ಖರ್ಚು, ಪರಿಸರ ಈ ಮೂರರಲ್ಲೇ ಸುತ್ತಿ ಮುಗಿಯುತ್ತದೆ. ಮೂರೂ ಸುಳ್ಳಲ್ಲ. ಆದರೆ ಅವುಗಳ ಅಡಿಯಲ್ಲಿ ಇನ್ನೊಂದು ಪ್ರಶ್ನೆ ಇದೆ ಎಂದು ನನಗೆ ಅನ್ನಿಸುತ್ತದೆ. ನನ್ನ ಮಗುವಿನ ಹೇಸಿಗೆ ನನ್ನ ಕೈಯಿಂದ ಯಾರ ಕೈಗೆ ಹೋಗುತ್ತಿದೆ? ಯಾವ ಸ್ಥಿತಿಯಲ್ಲಿ ಹೋಗುತ್ತಿದೆ?

ನಾವಿರುವುದು ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ. ಗಂಡನ ಕೆಲಸ ಬಂದರಿಗೆ ಸಂಬಂಧಿಸಿದ್ದು, ನನ್ನದು ತಿರುವನಂತಪುರದ ಕಚೇರಿಯೊಂದರದು. ಬಹುಪಾಲು ಮನೆಯಿಂದಲೇ ಕೆಲಸ, ಆದರೂ ತಿಂಗಳಿಗೆ ಎರಡು ಸಲ ಹೋಗಲೇಬೇಕು. ಮಗಳಿಗೆ ಹತ್ತು ತಿಂಗಳು, ಹಾಲು ಬಿಟ್ಟಿಲ್ಲ, ಹಾಗಾಗಿ ಅವಳೂ ಬರುತ್ತಾಳೆ. ಸೇತುವೆ ದಾಟಿ ಎರ್ನಾಕುಲಂ, ಅಲ್ಲಿಂದ ನಾಲ್ಕು ತಾಸಿನ ಆಸುಪಾಸಿನ ರೈಲು, ಒಂದು ರಾತ್ರಿ ಗೆಸ್ಟ್‌ಹೌಸು, ಮರುದಿನ ವಾಪಸು. ಈ ಓಡಾಟದಲ್ಲೂ ನಾನು ಬಟ್ಟೆಯನ್ನೇ ಬಳಸುತ್ತೇನೆ. ಹೊರಡುವಾಗ ಇಪ್ಪತ್ತು ಬಟ್ಟೆ, ನೀರು ಸೋರದ ಎರಡು ಚೀಲ, ಒಂದು ಸೋಪಿನ ತುಂಡು, ಐದು ಮೀಟರ್ ನೈಲಾನ್ ಹಗ್ಗ. ಅಂಗಡಿಯಲ್ಲಿ ಸಿಗುವ ಮೂರು ಪದರದ ಇನ್ಸರ್ಟುಗಳು ಜೂನ್ ಜುಲೈಯಲ್ಲಿ ಎರಡು ದಿನವಾದರೂ ಒಣಗುವುದಿಲ್ಲ. ಅಮ್ಮ ಕಳಿಸಿದ ಹಳೇ ಪಂಚೆಯ ಚೌಕಗಳನ್ನು ಟವೆಲಿನಲ್ಲಿ ಸುತ್ತಿ ಹಿಂಡಿ ಬಿಡಿಸಿ ಹರವಿದರೆ ಫ್ಯಾನಿನಡಿಯಲ್ಲಿ ಬೆಳಗಾಗುವಷ್ಟರಲ್ಲಿ ಒಣಗಿರುತ್ತವೆ. ಮಡಿಸಿದಾಗ ದಪ್ಪ, ಬಿಡಿಸಿದಾಗ ತೆಳು, ಅದರ ಜಾಣತನ ಅಷ್ಟೇ.

ಇದನ್ನು ಕಂಡವರು ಪರಿಸರಪ್ರೇಮಿ ಎಂದು ಹೊಗಳುತ್ತಾರೆ. ಆ ಹೊಗಳಿಕೆಯನ್ನು ಒಪ್ಪಿಕೊಳ್ಳುವ ಮೊದಲು ಲೆಕ್ಕ ನೋಡಬೇಕು. ಬ್ರಿಟನ್ನಿನ ಪರಿಸರ ಸಂಸ್ಥೆ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಮಗು ಎರಡೂವರೆ ವರ್ಷ ಬಳಸುವ ಬಿಸಾಡುವ ಡೈಪರುಗಳ ಇಂಗಾಲದ ಹೊರೆ ಸುಮಾರು 550 ಕಿಲೋ, ಬಟ್ಟೆಯದು ಸುಮಾರು 570 ಕಿಲೋ. ಹೆಚ್ಚುಕಮ್ಮಿ ಒಂದೇ. ಬಟ್ಟೆಯನ್ನು ಯಂತ್ರದ ತುಂಬ ಹಾಕಿ ಒಗೆದು, ಹಗ್ಗದ ಮೇಲೆ ಒಣಗಿಸಿ, ಎರಡನೇ ಮಗುವಿಗೂ ಬಳಸಿದರೆ ಹೊರೆ ಶೇಕಡಾ 40ರಷ್ಟು ಇಳಿಯುತ್ತದೆ. ಬಿಸಿ ಗಾಳಿಯ ಯಂತ್ರದಲ್ಲಿ ಒಣಗಿಸಿದರೆ ಡೈಪರಿಗಿಂತ ಮೇಲಕ್ಕೆ ಹೋಗುತ್ತದೆ. 2023ರಲ್ಲಿ ಅದೇ ದೇಶದಲ್ಲಿ ಬಂದ ಹೊಸ ಅಧ್ಯಯನ ಬಟ್ಟೆಯ ಹೊರೆ ಸುಮಾರು ಶೇಕಡಾ 25ರಷ್ಟು ಕಡಿಮೆ ಎಂದಿತು. ಅಂದರೆ ಪುಣ್ಯ ಇರುವುದು ಬಟ್ಟೆಯಲ್ಲಿ ಅಲ್ಲ, ಒಗೆಯುವ ಮತ್ತು ಒಣಗಿಸುವ ಕ್ರಮದಲ್ಲಿ. ಈ ಪುಣ್ಯವೂ ಇಪ್ಪತ್ತೈದು ಶೇಕಡಾದ್ದು. ಇಷ್ಟಕ್ಕಾಗಿ ನಡುರಾತ್ರಿ ಬಚ್ಚಲಲ್ಲಿ ಕೂತು ಉಜ್ಜಬೇಕೆ ಎಂದು ಯಾರಾದರೂ ಕೇಳಿದರೆ ಅಂಕಿಗಳ ಬಲದಿಂದ ನಾನು ಉತ್ತರ ಕೊಡಲಾರೆ. ಉತ್ತರ ಬೇರೆ ಕಡೆ ಇದೆ.

ನಾನು ನಿಂತಿರುವ ನೆಲದಿಂದಲೇ ಶುರು ಮಾಡುತ್ತೇನೆ. ವಿಲ್ಲಿಂಗ್ಡನ್ ಐಲ್ಯಾಂಡ್ ದೇವರು ಮಾಡಿದ ದ್ವೀಪವಲ್ಲ. 1920ರಲ್ಲಿ ಕೊಚ್ಚಿಗೆ ಬಂದ ಎಂಜಿನಿಯರ್ ರಾಬರ್ಟ್ ಬ್ರಿಸ್ಟೋ ಅಳಿವೆಯ ಬಾಯಿಗೆ ಅಡ್ಡವಾಗಿದ್ದ ಮರಳದಿಣ್ಣೆ ಕತ್ತರಿಸಿ, ಹಿನ್ನೀರಿನ ತಳ ತೋಡಿಸಿ, ತೆಗೆದ ಹೂಳನ್ನು ಒಂದೆಡೆ ಪೇರಿಸಿದರು. 1928ರ ಮೇ 26ರಂದು ‘ಪದ್ಮಾ’ ಎಂಬ ಹಡಗು ಹೊಸ ದಾರಿಯಲ್ಲಿ ಒಳಬಂತು. ಪೇರಿಸಿದ ಹೂಳು ನೂರಾರು ಎಕರೆಯ ನೆಲವಾಯಿತು, ಅದಕ್ಕೆ ವೈಸರಾಯ್ ಹೆಸರಾಯಿತು. ಒಂದು ಕಡೆ ಬೇಡವಾದದ್ದು ಇನ್ನೊಂದು ಕಡೆ ನೆಲವಾದ ಕತೆ ಇದು. ಆದರೆ ಹೂಳು ಅಷ್ಟಕ್ಕೇ ಸುಮ್ಮನಾಗಲಿಲ್ಲ. ಇವತ್ತಿಗೂ ಹಡಗಿನ ದಾರಿಗೆ ಅದು ಬಂದು ಸೇರುತ್ತಲೇ ಇದೆ, ತೋಡುವ ಯಂತ್ರ ಕೆಲಸ ಮಾಡುತ್ತಲೇ ಇದೆ. ತೆಗೆದದ್ದು ಎಲ್ಲಾದರೂ ಒಂದು ಕಡೆ ಇರಲೇಬೇಕು ಎಂಬುದನ್ನು ಈ ದ್ವೀಪದಲ್ಲಿ ಯಾರೂ ಮರೆಯಲು ಆಗುವುದಿಲ್ಲ.

ಪಟ್ಟಣಗಳು ಮಾತ್ರ ಮರೆಯುತ್ತವೆ. ಕೊಚ್ಚಿಯ ಕಸ ಹೋಗುತ್ತಿದ್ದ ಬ್ರಹ್ಮಪುರಂಗೆ 2023ರ ಮಾರ್ಚ್ 2ರಂದು ಬೆಂಕಿ ಬಿದ್ದು, ಹತ್ತು ದಿನಕ್ಕೂ ಮೀರಿ ಹೊಗೆಯಾಡಿತು. ಅಲ್ಲಿಗೆ ಕಳಿಸಿದ್ದು ಉಸಿರಿನ ದಾರಿಯಲ್ಲಿ ವಾಪಸು ಬಂತು. ತಿರುವನಂತಪುರದ ಕಸ ಹೊತ್ತ ವಿಳಪ್ಪಿಲ್‌ಶಾಲದ ಜನ ವರ್ಷಗಟ್ಟಲೆ ಹೋರಾಡಿ 2011ರ ಕೊನೆಗೆ ಘಟಕದ ಬಾಗಿಲು ಹಾಕಿಸಿದರು. ಬೆಂಗಳೂರಿನಿಂದ ಬಂದ ನಮಗೆ ಇದು ಹೊಸತೇ? ಮಾವಳ್ಳಿಪುರ, ಮಂಡೂರು ಎಂಬ ಹೆಸರುಗಳನ್ನು ನಾವು ತಿಳಿದದ್ದೇ ಅಲ್ಲಿನವರು ಲಾರಿ ತಡೆದ ಮೇಲೆ. ‘ಹೊರಗೆ ಬಿಸಾಡು’ ಎಂದು ನಾವು ಸಲೀಸಾಗಿ ಹೇಳುತ್ತೇವೆ. ಆ ಹೊರಗೆ ಎನ್ನುವುದು ಯಾವಾಗಲೂ ಇನ್ನೊಬ್ಬರ ಊರು.

ಡೈಪರಿನ ಗುಣ ಈ ಮರೆವಿಗೆ ಹೇಳಿ ಮಾಡಿಸಿದಂತಿದೆ. ಹೊರಗೆ ಪ್ಲಾಸ್ಟಿಕ್ಕಿನ ಪದರ, ಒಳಗೆ ಮರದ ತಿರುಳು, ಅದರ ನಡುವೆ ಹತ್ತಾರು ಪಟ್ಟು ನೀರು ಹೀರಿ ಲೋಳೆಯಾಗುವ ಪುಡಿ. ಅದು ಒದ್ದೆಯನ್ನು ಮಗುವಿನಿಂದ ಮರೆಸುತ್ತದೆ, ಸುತ್ತಿಟ್ಟರೆ ನಮ್ಮಿಂದಲೂ ಮರೆಸುತ್ತದೆ. ಕಸದ ಜೊತೆ ಸೇರಿದ ಮೇಲೆ ಬಿಚ್ಚಿ ನೋಡುವ ಪಾಳಿ ಯಾರದು? 2016ರ ಘನತ್ಯಾಜ್ಯ ನಿಯಮಗಳು ಡೈಪರನ್ನು ಪ್ರತ್ಯೇಕವಾಗಿ ಸುತ್ತಿ ಕೊಡಬೇಕು, ಸುತ್ತುವ ಹೊದಿಕೆಯನ್ನು ತಯಾರಕರೇ ಒದಗಿಸಬೇಕು ಎಂದವು. ಬೆಂಗಳೂರಿನಲ್ಲಿ ಹಸಿ, ಒಣ, ಆಮೇಲೆ ಈ ಮೂರನೆಯದು ಎಂದು ಬೇರೆ ಮಾಡುವ ಕ್ರಮವೂ ಬಂತು. ರೈಲಿನಲ್ಲಿ ಏನಾಗುತ್ತದೆಂದು ನಾನು ನೋಡಿದ್ದೇನೆ. ವಾಷ್‌ಬೇಸಿನ್ ಕೆಳಗಿನ ಡಬ್ಬಿಯಲ್ಲಿ ಊಟದ ಪೊಟ್ಟಣ, ಟೀ ಕಪ್ಪು, ಅವುಗಳ ಮೇಲೆ ಬಿಚ್ಚಿಕೊಂಡ ಡೈಪರು. ಕೆಲವರು ಶೌಚದ ಕೊಳವೆಗೇ ತುರುಕುತ್ತಾರೆ. ಬಯೋ ಟಾಯ್ಲೆಟ್ಟಿನ ತೊಟ್ಟಿಯಲ್ಲಿರುವ ಬ್ಯಾಕ್ಟೀರಿಯಾ ಮಲವನ್ನು ಕರಗಿಸಬಲ್ಲವು, ಪ್ಲಾಸ್ಟಿಕ್ಕನ್ನು ಅಲ್ಲ. ಕಟ್ಟಿಕೊಂಡದ್ದನ್ನು ಕೊನೆಗೆ ಒಬ್ಬ ಮನುಷ್ಯ ಬಿಡಿಸಬೇಕು.

ಆ ರೈಲು ಕರಾವಳಿಯ ದಾರಿ ಹಿಡಿದರೆ ಆಲಪ್ಪುಳದ ಮೇಲೆ ಹೋಗುತ್ತದೆ. ತಕಳಿ ಶಿವಶಂಕರ ಪಿಳ್ಳೆಯವರ ‘ತೋಟ್ಟಿಯುಡೆ ಮಗನ್’ ಕಾದಂಬರಿಯ ಊರು ಅದು. 1947ರಲ್ಲಿ ಬಂದ ಆ ಕತೆಯಲ್ಲಿ ಮಲ ಹೊರುವ ಕೆಲಸ ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಬರುತ್ತದೆ. ತನ್ನ ಮಗನಿಗಾದರೂ ಇದು ಬೇಡ ಎಂದು ಒಬ್ಬ ಅಪ್ಪ ಹೆಣಗುತ್ತಾನೆ. ನಮ್ಮಲ್ಲಿ ಎಪ್ಪತ್ತರ ದಶಕದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಿದರು. ಆದರೂ 2010ರಲ್ಲಿ ಸವಣೂರಿನ ಪೌರಕಾರ್ಮಿಕರು ತಮ್ಮ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತು. ಅದೇ ರೈಲು ಕೊನೆಗೆ ನಿಲ್ಲುವ ತಿರುವನಂತಪುರ ಸೆಂಟ್ರಲ್ಲಿನ ಅಡಿಯಲ್ಲಿ ಆಮಯಿಳಂಜಾನ್ ಕಾಲುವೆ ಹರಿಯುತ್ತದೆ. 2024ರ ಜುಲೈಯಲ್ಲಿ ಅದರಲ್ಲಿ ಗಟ್ಟಿಯಾಗಿ ಕೂತಿದ್ದ ಕಸ ತೆಗೆಯಲು ಇಳಿದ ಕಾರ್ಮಿಕರೊಬ್ಬರು ಕೊಚ್ಚಿಹೋದರು. ಎರಡು ದಿನದ ಹುಡುಕಾಟದ ನಂತರ ಸಿಕ್ಕಿದ್ದು ಶವ. ಪ್ಲ್ಯಾಟ್‌ಫಾರ್ಮಿನ ಮೇಲೆ ಮಗುವನ್ನು ಹೆಗಲಿಗೆ ಹಾಕಿಕೊಂಡು ನಿಂತಾಗ ಆ ಸುದ್ದಿ ನನಗೆ ಪ್ರತಿಸಲ ನೆನಪಾಗುತ್ತದೆ. ಯಾರು ಎಸೆದ ಯಾವ ಚೀಲ ಅದು ಎಂದು ಯಾರೂ ಹೇಳಲಾರರು. ಎಸೆದವರಿಗೂ ಗೊತ್ತಿಲ್ಲ. ತಪ್ಪು ಎಷ್ಟು ಸಣ್ಣ ಸಣ್ಣ ಪಾಲಾಗಿದೆಯೆಂದರೆ ಯಾರಿಗೂ ಭಾರವಾಗುವುದಿಲ್ಲ. ಆದರೆ ಕಾಲುವೆಗೆ ಇಳಿಯುವವರಿಗೆ ಅದು ಪಾಲಾಗಿ ಸಿಗುವುದಿಲ್ಲ, ಇಡಿಯಾಗಿಯೇ ಸಿಗುತ್ತದೆ.

ಇಲ್ಲಿಗೆ ನಿಲ್ಲಿಸಿದರೆ ಬಟ್ಟೆಯ ಪಕ್ಷ ಗೆದ್ದಂತೆ ಕಾಣುತ್ತದೆ. ಆದರೆ ಬಟ್ಟೆಯ ಚರಿತ್ರೆಯನ್ನೂ ಬಿಚ್ಚಿ ನೋಡಬೇಕು. ‘ನಮ್ಮ ಕಾಲದಲ್ಲಿ’ ಎಂದು ಹೇಳುವ ಎಷ್ಟು ಮನೆಗಳಲ್ಲಿ ಬಾಣಂತಿಯ ಬಟ್ಟೆಯನ್ನು ಮನೆಯವರೇ ಒಗೆದರು? ಮಲಬಾರಿನಲ್ಲಿ ಹೆರಿಗೆಯ ಸೂತಕ ಕಳೆಯಬೇಕಾದರೆ ವಣ್ಣಾತ್ತಿ ಒಗೆದು ಕೊಟ್ಟ ಬಟ್ಟೆಯೇ ಬೇಕಿತ್ತು, ಅದಕ್ಕೆ ‘ಮಾಟ್ಟ್’ ಎಂಬ ಹೆಸರಿತ್ತು. ಕೊಳೆಯನ್ನು ಮುಟ್ಟಿ ಮಡಿ ಕೊಡುವವಳು ಅವಳು, ಆದರೆ ಮಡಿಯವರ ಜಗಲಿಗೆ ಅವಳಿಗೇ ಪ್ರವೇಶವಿಲ್ಲ. ನಮ್ಮ ಕಡೆಯ ಮಡಿವಾಳ ಎಂಬ ಪದದಲ್ಲೇ ಮಡಿ ಇದೆ. ಹನ್ನೆರಡನೇ ಶತಮಾನದಲ್ಲಿ ಮಡಿವಾಳ ಮಾಚಿದೇವರು ಬಟ್ಟೆ ಒಗೆಯುವುದನ್ನು ಕಾಯಕವೆಂದು ತಲೆಯೆತ್ತಿ ಮಾಡಿದರು. ಅವರನ್ನು ಪೂಜಿಸುವ ನಾವು ಒಗೆಯುವವರ ಕೈಯನ್ನು ಅದೇ ಎತ್ತರದಲ್ಲಿ ಇಟ್ಟಿದ್ದೇವೆಯೇ? ಬಟ್ಟೆ ಮಣ್ಣಿಗೆ ಹಗುರವಾಗಿರಬಹುದು. ಅದನ್ನು ಹಗುರ ಮಾಡಿದ ಬೆನ್ನುಗಳು ಬೇರೆಯವರದು.

ಆ ಬೆನ್ನುಗಳು ಮನೆಯೊಳಗೂ ಇವೆ. ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ 1898ರ ಸುಮಾರಿನ ಡರ್ಬನ್ ಮನೆಯ ಒಂದು ಘಟನೆ ಹೇಳುತ್ತಾರೆ. ಮನೆಯಲ್ಲಿ ತಂಗಿದ್ದ, ಪಂಚಮ ತಂದೆತಾಯಿಗೆ ಹುಟ್ಟಿದ ಕ್ರೈಸ್ತ ಗುಮಾಸ್ತರೊಬ್ಬರ ಮೂತ್ರದ ಪಾತ್ರೆಯನ್ನು ಕಸ್ತೂರಬಾ ಅಳುತ್ತ ಎತ್ತಿಕೊಂಡು ಹೋಗುತ್ತಾರೆ. ಗಂಡನಿಗೆ ಅಷ್ಟು ಸಾಲದು, ನಗುನಗುತ್ತ ಒಯ್ಯಬೇಕು. ಜಗಳ ಬೆಳೆದು ಅವರನ್ನು ಕೈಹಿಡಿದು ಬಾಗಿಲವರೆಗೆ ಎಳೆದುಕೊಂಡು ಹೋಗುತ್ತಾರೆ. ತತ್ತ್ವ ಸರಿಯಾಗಿತ್ತು: ಇನ್ನೊಬ್ಬರ ಹೇಸಿಗೆಗೆ ಹುಟ್ಟಿನಿಂದ ಗುತ್ತಿಗೆದಾರರಿಲ್ಲ. ಆದರೆ ತತ್ತ್ವ ಒಬ್ಬರದಾಗಿ ಕೈ ಇನ್ನೊಬ್ಬರದಾದಾಗ ಆ ಸರಿಯೂ ಹಿಂಸೆಯಾಗುತ್ತದೆ. ಅದನ್ನು ನಾಚಿಕೆಯಿಂದಲೇ ಬರೆದದ್ದು ಅವರ ದೊಡ್ಡತನ. ಇವತ್ತು ‘ನಮ್ಮ ಮಗುವಿಗೆ ಬಟ್ಟೆ ಮಾತ್ರ’ ಎಂದು ಹೆಮ್ಮೆಯಿಂದ ಹೇಳುವ ಗಂಡಸರನ್ನು ಕಂಡಾಗ ನಾನು ಕೇಳುವುದು ಒಂದೇ: ‘ರಾತ್ರಿ ಒಗೆಯುವವರು ಯಾರು?’ ನಮ್ಮ ಮನೆಯಲ್ಲಿ ಪಾಳಿ ಇದೆ. ಸೋಮ, ಬುಧ, ಶುಕ್ರ ಅವರದು. ನಾನು ಪ್ರಯಾಣದಿಂದ ಬಂದ ರಾತ್ರಿಯ ಚೀಲವೂ ಅವರದೇ. ಮೊದಲ ಸಲ ಮಗ ಬಚ್ಚಲಲ್ಲಿ ಕೂತದ್ದನ್ನು ಕಂಡು ಅತ್ತೆ ‘ಅಯ್ಯೋ, ನೀನ್ಯಾಕಪ್ಪಾ, ನಾನು ಹಾಕ್ತೀನಿ ಬಿಡು’ ಎಂದರು. ‘ನೀವು ಹಾಕೋದಾದ್ರೆ ಡೈಪರ್ರೇ ತರ್ತೀನಮ್ಮಾ’ ಎಂದರು ಅವರು. ಅತ್ತೆ ನಕ್ಕು ಸುಮ್ಮನಾದರು.

ಹಾಗಾದರೆ ನಿಯಮ ಏನು? ನಾನು ಇಟ್ಟುಕೊಂಡಿರುವುದು ಇಷ್ಟು: ನನ್ನ ಕೊಳೆ ಇನ್ನೊಬ್ಬರ ಕೈಗೆ ಹೋಗಲೇಬೇಕಾದರೆ, ಅದೇ ಸ್ಥಿತಿಯಲ್ಲಿ ನನಗೆ ಯಾರಾದರೂ ಕೊಟ್ಟರೆ ನಾನು ಕೈಚಾಚಿ ತೆಗೆದುಕೊಳ್ಳುವಂತಿರಬೇಕು. ಇದು ಬಟ್ಟೆಗೂ ಅನ್ವಯ, ಡೈಪರಿಗೂ ಅನ್ವಯ. ಗೆಸ್ಟ್‌ಹೌಸಿನ ಸ್ನಾನದ ಬಕೆಟ್ಟಿನಲ್ಲಿ ಮಗುವಿನ ಬಟ್ಟೆ ನೆನೆಹಾಕಿ ಹೊರಟುಬಿಟ್ಟರೆ ಬಟ್ಟೆ ಬಳಸಿದ್ದಕ್ಕೆ ಯಾವ ಬೆಲೆಯೂ ಇಲ್ಲ. ನಾಳೆ ಆ ಬಕೆಟ್ಟಿನಿಂದ ಇನ್ನೊಬ್ಬರು ಮೀಯುತ್ತಾರೆ, ನಡುವೆ ಅದನ್ನು ಉಜ್ಜುವ ಚೇಚಿಗೆ ಯಾಕೆ ಉಜ್ಜುತ್ತಿದ್ದೇನೆಂದೂ ಗೊತ್ತಿರುವುದಿಲ್ಲ. ಮಲವನ್ನು ಮೊದಲು ಶೌಚಕ್ಕೆ ಹಾಕಬೇಕು, ಬಟ್ಟೆಯನ್ನು ನಲ್ಲಿಯ ಕೆಳಗೇ ತೊಳೆಯಬೇಕು, ಜಾಗವನ್ನು ನಾನೇ ತೊಳೆದು ಬರಬೇಕು. ಮಗುವಿಗೆ ಭೇದಿ ಹಿಡಿದಾಗ, ನೀರೇ ಇಲ್ಲದ ಕಡೆ, ನನಗೇ ಜ್ವರ ಬಂದಾಗ ಡೈಪರ್ ಹಾಕುತ್ತೇನೆ, ಅದರಲ್ಲಿ ಪಾಪಪ್ರಜ್ಞೆ ಏನೂ ಇಲ್ಲ. ಒಳಗಿನದನ್ನು ಶೌಚಕ್ಕೆ ಹಾಕಿ, ಬಿಗಿಯಾಗಿ ಸುತ್ತಿ, ಮೇಲೆ ಗುರುತು ಹಾಕಿ, ಅದನ್ನು ಪ್ರತ್ಯೇಕವಾಗಿ ತೆಗೆದುಕೊಳ್ಳುವ ವ್ಯವಸ್ಥೆ ಸಿಗುವವರೆಗೆ ನನ್ನ ಚೀಲದಲ್ಲೇ ಹೊರುತ್ತೇನೆ. ಮನೆಮನೆಯಿಂದ ಒಣಕಸ ಒಯ್ಯುವ ಹರಿತ ಕರ್ಮ ಸೇನೆಯ ಹೆಂಗಸರ ಪ್ಲಾಸ್ಟಿಕ್ ಚೀಲದೊಳಗೆ ಅದನ್ನು ಅಡಗಿಸಿ ಕೊಡುವುದಿಲ್ಲ. ಅವರು ಅದನ್ನು ಕೈಯಿಂದಲೇ ವಿಂಗಡಿಸುತ್ತಾರೆ.

ಇದಕ್ಕೆ ಬಲವಾದ ಒಂದು ಆಕ್ಷೇಪವಿದೆ. ಇದು ಸಮಯ, ನೀರು, ಬಾಗಿಲು ಹಾಕಿಕೊಳ್ಳಬಹುದಾದ ಬಚ್ಚಲು ಇರುವವರ ನೀತಿ. ಪಶ್ಚಿಮ ಕೊಚ್ಚಿಯಲ್ಲಿ ಟ್ಯಾಂಕರ್ ನೀರಿಗೆ ಬಿಂದಿಗೆ ಇಟ್ಟು ಕಾಯುವ ತಾಯಿಗೆ, ಹನ್ನೆರಡು ತಾಸು ನಿಂತು ದುಡಿದು ಬರುವವಳಿಗೆ ‘ಬಟ್ಟೆ ಒಗಿ’ ಎಂದು ಹೇಳಲು ನಾನು ಯಾರು? ಯಾರೂ ಅಲ್ಲ, ಆ ಮಾತನ್ನು ಪೂರ್ತಿ ಒಪ್ಪುತ್ತೇನೆ. ಕರ್ತವ್ಯ ಅನುಕೂಲದ ಅಳತೆಗೆ ತಕ್ಕಂತೆ ಹೆಚ್ಚುತ್ತದೆ. ಅನುಕೂಲವಿಲ್ಲದವರ ಪಾಲಿನದು ಮಗುವಿನ ಅಪ್ಪನಿಗೆ, ಮಗು ಒರೆಸಲು ಒಂದು ಹಲಗೆಯನ್ನೂ ಇಡದ ನಿಲ್ದಾಣಕ್ಕೆ, ಮಾರಿದ ಮೇಲೆ ಕೈತೊಳೆದುಕೊಳ್ಳುವ ಕಂಪನಿಗೆ, ನಗರಸಭೆಗೆ ಹೋಗಬೇಕು. ಒಬ್ಬ ತಾಯಿ ಎಲ್ಲವನ್ನೂ ಹೊತ್ತುಕೊಂಡರೆ ಮಿಕ್ಕವರಿಗೆ ಬಿಡುಗಡೆ ಸಿಗುತ್ತದೆ. ಆದ್ದರಿಂದ ಬಟ್ಟೆಯನ್ನು ಒಳ್ಳೆಯ ತಾಯಿಯ ಗುರುತಾಗಿ ಮಾಡುವುದು ನನಗೆ ಒಪ್ಪಿಗೆಯಿಲ್ಲ.

ಮಗಳು ಇನ್ನೊಂದೆರಡು ವರ್ಷದಲ್ಲಿ ಈ ಬಟ್ಟೆಗಳನ್ನು ಬಿಡುತ್ತಾಳೆ. ಪ್ರಶ್ನೆ ನಮ್ಮನ್ನು ಬಿಡುವುದಿಲ್ಲ. ಊರು ಬಿಟ್ಟು ಬಂದ ನಮ್ಮೆಲ್ಲರ ಮನೆಯಲ್ಲೂ ವಯಸ್ಸಾಗುತ್ತಿರುವವರು ಇದ್ದಾರೆ. ಹಾಸನದಲ್ಲೋ ಶಿರಸಿಯಲ್ಲೋ ಹಾಸಿಗೆ ಹಿಡಿದ ಅಪ್ಪನಿಗೆ ದೊಡ್ಡವರ ಡೈಪರನ್ನು ನಾವು ಇಲ್ಲಿಂದಲೇ ಫೋನಿನಲ್ಲಿ ಆರ್ಡರ್ ಮಾಡುತ್ತೇವೆ, ಪೆಟ್ಟಿಗೆ ಮೂರನೇ ದಿನ ಬಾಗಿಲಿಗೆ ಬರುತ್ತದೆ. ಬದಲಿಸುವ ಕೈ ಆ ಪೆಟ್ಟಿಗೆಯಲ್ಲಿ ಬರುವುದಿಲ್ಲ. ಅದು ಅಮ್ಮನದು, ಅಥವಾ ಸಂಬಳಕ್ಕೆ ಬಂದ ಹೋಂ ನರ್ಸಿನದು, ಎಷ್ಟೋ ಸಲ ಇದೇ ಕೇರಳದಿಂದ ತನ್ನ ಮಗುವನ್ನು ತನ್ನ ಅಮ್ಮನ ಬಳಿ ಬಿಟ್ಟು ಹೋದವಳದು. ನಮ್ಮ ಮಕ್ಕಳ ಹೇಸಿಗೆ ನಮಗೆ ಅಷ್ಟಾಗಿ ಹೇಸಿಗೆ ಅನ್ನಿಸುವುದಿಲ್ಲ, ಅದು ಪ್ರೀತಿಯ ಅನುಕೂಲ. ಆ ಅನುಕೂಲವಿಲ್ಲದೆ ಯಾರದೋ ಅಪ್ಪನ ಮೈ ಒರೆಸುವವಳಿಗೆ ನಾವು ಕೊಡುತ್ತಿರುವ ಸಂಬಳ, ರಜೆ, ಕೂತು ಉಣ್ಣುವ ಜಾಗ ಎಂಥದ್ದು ಎಂಬುದನ್ನು ಈ ಸಲ ಊರಿಗೆ ಹೋದಾಗ ಅವಳನ್ನೇ ಕೇಳಬೇಕು.