ನೆಲದಡಿಯ ಆಸ್ರವ

ಹೋದ ಮಾರ್ಚ್ ತಿಂಗಳಲ್ಲಿ ನಮ್ಮ ಅಡುಗೆಮನೆಯ ಒಂದು ಮೂಲೆ ಒಣಗಲೇ ಇಲ್ಲ. ಹಾಸನದಲ್ಲಿ ಆ ಹೊತ್ತಿಗೆ ಒರೆಸಿದ ನೆಲ ಐದು ನಿಮಿಷದಲ್ಲಿ ಆರುತ್ತದೆ. ಆ ಮೂಲೆಯ ರೆಡ್ ಆಕ್ಸೈಡ್ ಮಾತ್ರ ಅಂಗೈ ಅಗಲ ಕಪ್ಪಗೆ, ಕಾಲಿಟ್ಟರೆ ತಣ್ಣಗೆ. ಗೋಡೆಯ ಬುಡದಲ್ಲಿ ಬಿಳಿ ಉಪ್ಪು ಎದ್ದಿತ್ತು; ಬೆರಳು ತಾಗಿಸಿದರೆ ಗಾರೆಯೂ ಜೊತೆಗೇ ಪುಡಿಯಾಗಿ ಉದುರಿತು. ಮಳೆಗಾಲದಲ್ಲಿ ಎಲ್ಲ ಗೋಡೆಗಳೂ ತೇವ ಕುಡಿಯುತ್ತವೆ, ಯಾವುದರ ಮೇಲೂ ಅನುಮಾನ ಬರುವುದಿಲ್ಲ. ಬೇಸಿಗೆಯಲ್ಲೂ ತೇವ ಬಿಡದ ಗೋಡೆಗೆ ನೀರು ಆಕಾಶದಿಂದ ಬರುತ್ತಿಲ್ಲ.

ಮನೆ ಕಟ್ಟಿಸಿದವರು ಮಾವನವರು, 1986ರಲ್ಲಿ. ಸೈಜುಗಲ್ಲಿನ ಪಾಯ, ಅದರೊಳಗೆ ಕೆಮ್ಮಣ್ಣು ತುಂಬಿ ದಿಮ್ಮಸು ಹೊಡೆದ ನೆಲ. ಟ್ಯಾಂಕಿನಿಂದ ಇಳಿದ ಜಿಐ ಪೈಪು ಆ ಮಣ್ಣಿನಡಿಯಲ್ಲೇ ಹಾಯ್ದು ಅಡುಗೆಮನೆಗೂ ಬಚ್ಚಲಿಗೂ ಹೋಗುತ್ತದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು ನಾನು. ಊಹೆಗಿಂತ ಅಳತೆ ವಾಸಿ ಎನಿಸಿತು. ರಾತ್ರಿ ಹತ್ತಕ್ಕೆ ಎಲ್ಲ ನಲ್ಲಿ ಬಿಗಿಮಾಡಿ, ತಾರಸಿ ಹತ್ತಿ, ಟ್ಯಾಂಕಿನ ತಳ ಮುಟ್ಟುವಂತೆ ಬಿದಿರು ಕಡ್ಡಿ ಇಳಿಸಿ, ನೀರು ಮುಟ್ಟಿದಲ್ಲಿ ಪೆನ್ಸಿಲಿನಿಂದ ಗೆರೆ ಎಳೆದೆ. ಬೆಳಿಗ್ಗೆ ಆರಕ್ಕೆ ನೋಡಿದರೆ ನಾಲ್ಕು ಬೆರಳು ಇಳಿದಿತ್ತು. ಮಾರನೆಯ ರಾತ್ರಿ ಟ್ಯಾಂಕಿನ ಕೆಳಗಿನ ಗೇಟ್ ವಾಲ್ವನ್ನೇ ಮುಚ್ಚಿ ಅಳೆದೆ. ನೀರು ಇಳಿಯಲಿಲ್ಲ. ಟ್ಯಾಂಕು ಗಟ್ಟಿ, ಸೋರುತ್ತಿರುವುದು ಪೈಪು. ನಮ್ಮ ಸಾವಿರ ಲೀಟರಿನ ಟ್ಯಾಂಕಿನಲ್ಲಿ ಒಂದು ಬೆರಳೆಂದರೆ ಸುಮಾರು 17 ಲೀಟರ್. ಎಂಟು ಗಂಟೆಗೆ 68 ಲೀಟರ್ ಆದರೆ ದಿನಕ್ಕೆ ಇನ್ನೂರು ದಾಟುತ್ತದೆ.

ಕೊಳಾಯಿ ಕೆಲಸದ ಹುಡುಗ ಬಂದ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ನೆಲಕ್ಕೊತ್ತಿ ಹಿಡಿಯನ್ನು ಕಿವಿಗಿಟ್ಟುಕೊಂಡು ಇಂಚಿಂಚೇ ಸರಿದ. ಒಂದು ಕಡೆ ನಿಂತು, "ಟೀಚರ್, ನೀವೇ ಕೇಳಿ" ಎಂದ. ಕಿವಿಗೊಟ್ಟೆ. ಹಾಲು ಉಕ್ಕುವ ಮುಂಚೆ ಪಾತ್ರೆಯ ಅಂಚಿನಲ್ಲಿ ಬರುವಂಥ ಸಣ್ಣ ಸದ್ದು, ಬಿಡದೆ. ಸ್ಪ್ಯಾನರಿನಿಂದ ತಟ್ಟಿದರೆ ಸುತ್ತ ಗಟ್ಟಿ ಸದ್ದು, ಅಲ್ಲಿ ಮಾತ್ರ ಟೊಳ್ಳು. ನೀರು ಮಣ್ಣನ್ನು ಕೊಚ್ಚಿಕೊಂಡು ಹೋಗಿ ನೆಲದಡಿ ಗೂಡು ಮಾಡಿತ್ತು.

ನಾವು ಜೈನರು. ಅತ್ತೆಯವರು ಇರುವಷ್ಟು ಕಾಲ ಸೋಸದ ನೀರು ಒಲೆ ಹತ್ತಲಿಲ್ಲ. ದಪ್ಪ ಹತ್ತಿಬಟ್ಟೆಯನ್ನು ಎರಡು ಮಡಿಕೆ ಮಾಡಿ ಕೊಡದ ಬಾಯಿಗೆ ಹಾಕಿ ಸೋಸುತ್ತಿದ್ದರು. ಬಟ್ಟೆಯಲ್ಲಿ ಉಳಿದದ್ದನ್ನು ಸೋಸಿದ ನೀರಿನಲ್ಲೇ ತೊಳೆದು, ಸೇದಿದ ಬಾವಿಗೇ ಮರಳಿಸುತ್ತಿದ್ದರು. ಅದೂ ಮೇಲಿಂದ ಸುರಿಯದೆ, ಪಾತ್ರೆಯನ್ನು ನೀರಿನ ಮಟ್ಟದವರೆಗೆ ಇಳಿಸಿ. ನೀರಿನೊಳಗೆ ಜೀವಗಳಿವೆ ಎಂಬುದಷ್ಟೇ ಅಲ್ಲ, ನೀರೇ ಒಂದು ಬಗೆಯ ಜೀವದ ಮೈ ಎಂದು ನಂಬಿದವರು ನಾವು. ಆ ಬಟ್ಟೆ ಈಗಲೂ ನನ್ನ ಅಡುಗೆಮನೆಯ ಮೊಳೆಯಲ್ಲಿದೆ. ಅದರ ನೇರ ಕೆಳಗೆ, ಎರಡಡಿ ಮಣ್ಣಿನಡಿಯಲ್ಲಿ, ದಿನಕ್ಕೆ ಇನ್ನೂರು ಲೀಟರ್ ಹೋಗುತ್ತಿತ್ತು. ಗೊತ್ತಿಲ್ಲದೆ ಆದದ್ದಕ್ಕೆ ಹೊಣೆ ಯಾರದು? ಎರಡು ರಾತ್ರಿ ಈ ಪ್ರಶ್ನೆ ನನ್ನನ್ನು ಮಲಗಗೊಡಲಿಲ್ಲ.

ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಬಸದಿಯಲ್ಲಿ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವನ್ನು ದಿನಕ್ಕೊಂದು ಅಧ್ಯಾಯದಂತೆ ಓದುವ ರೂಢಿಯಿದೆ. ಹತ್ತು ಅಧ್ಯಾಯ, ಹತ್ತು ದಿನ. ಆರನೆಯ ದಿನದ್ದು ಆಸ್ರವ. ಮನಸ್ಸು, ಮಾತು, ಮೈ ಈ ಮೂರರ ಚಲನೆಯ ದಾರಿಯಲ್ಲಿ ಕರ್ಮ ಜೀವದೊಳಕ್ಕೆ ಹರಿದುಬರುವುದಕ್ಕೆ ಆ ಹೆಸರು. ಹರಿವನ್ನು ತಡೆಯುವುದು ಸಂವರ. ಈಗಾಗಲೇ ಅಂಟಿದ್ದನ್ನು ಉದುರಿಸುವುದು ನಿರ್ಜರೆ. ತೂತುಬಿದ್ದ ದೋಣಿಯ ಉದಾಹರಣೆಯನ್ನು ಎಷ್ಟು ಸಲ ಕೇಳಿದ್ದೇನೋ: ಮೊದಲು ತೂತು ಮುಚ್ಚಬೇಕು, ಆಮೇಲೆ ನೀರು ಮೊಗೆಯಬೇಕು. ಕೇಳಿಯೂ ಎರಡು ವರ್ಷದಲ್ಲಿ ಅದೇ ಗೋಡೆಗೆ ಮೂರು ಸಲ ಬಣ್ಣ ಬಳಿಸಿದೆ. ಒಮ್ಮೆ ಗಾರೆ ಕೆತ್ತಿಸಿ ತೇವ ತಡೆಯುವ ಲೇಪವನ್ನೂ ಹಾಕಿಸಿದೆ. ಆರು ತಿಂಗಳಿಗೆ ಲೇಪ ಮುಗಿಯುವಲ್ಲಿಂದ ಮೇಲಕ್ಕೆ ಉಪ್ಪು ಎದ್ದಿತು; ಕೆಳಗೆ ಹೊರಬರಲಾಗದ ತೇವ ಗೋಡೆಯೊಳಗೇ ಏರಿತ್ತು. ಧರ್ಮದ ವಿಷಯದಲ್ಲೂ ನಾನು ನಡೆದದ್ದು ಹೀಗೆಯೇ. ಅಷ್ಟಮಿ ಚತುರ್ದಶಿಗಳ ಉಪವಾಸ ತಪ್ಪಿಸಿದವಳಲ್ಲ. ಸೊಸೆಯ ಮೇಲೆ ಆಡುವ ಬಿರುಮಾತನ್ನು ಒಂದು ದಿನವೂ ನಿಲ್ಲಿಸಲಿಲ್ಲ.

ಇನ್ನು ತಿಳಿಯದೆ ಆದದ್ದರ ಮಾತು. ತಿಳಿದು ಮಾಡಿದ್ದಕ್ಕೂ ತಿಳಿಯದೆ ಆದದ್ದಕ್ಕೂ ಆಸ್ರವದಲ್ಲಿ ವ್ಯತ್ಯಾಸವಿದೆ ಎಂದು ಆರನೆಯ ಅಧ್ಯಾಯವೇ ಹೇಳುತ್ತದೆ. ಏಳನೆಯದು ಹಿಂಸೆಯ ಲಕ್ಷಣ ಹೇಳುವಾಗ ಪ್ರಾಣ ಹೋಯಿತೇ ಎಂಬುದಷ್ಟನ್ನೇ ನೋಡದೆ, ಅದು ಪ್ರಮಾದದಿಂದ, ಅಂದರೆ ಎಚ್ಚರಗೇಡಿತನದಿಂದ, ಹೋಯಿತೇ ಎಂದು ಕೇಳುತ್ತದೆ. ತತ್ತ್ವಾರ್ಥಸೂತ್ರಕ್ಕೆ ಸರ್ವಾರ್ಥಸಿದ್ಧಿ ಎಂಬ ವ್ಯಾಖ್ಯಾನ ಬರೆದವರು ನಮ್ಮ ಕನ್ನಡನಾಡಿನ ಪೂಜ್ಯಪಾದರು. ನೆಲ ನೋಡಿಕೊಂಡು ಎಚ್ಚರದಿಂದ ಹೆಜ್ಜೆಯಿಡುವ ಮುನಿಯ ಕಾಲಡಿಗೆ ಸಣ್ಣ ಜೀವವೊಂದು ಬಂದು ಸತ್ತರೂ ಅವನಿಗೆ ಕರ್ಮಬಂಧವಿಲ್ಲ, ಎಚ್ಚರಗೇಡಿಗೆ ಜೀವ ಸಾಯದಿದ್ದರೂ ಹಿಂಸೆ ತಪ್ಪಿದ್ದಲ್ಲ ಎಂಬ ವಿವರಣೆ ಅಲ್ಲಿದೆ. ಮೊದಲಿಗೆ ಇದರಲ್ಲಿ ಸಮಾಧಾನ ಸಿಕ್ಕಿತು. ನೆಲದಡಿಯ ಪೈಪನ್ನು ಯಾರು ನೋಡಲಾದೀತು?

ಆಮೇಲೆ ಪಕ್ಕದ ಮನೆ ಅಕ್ಕನ ಮಾತು ನೆನಪಾಯಿತು. ಎರಡು ವರ್ಷದ ಹಿಂದೆ ಕಾಂಪೌಂಡಿನ ಆಚೆ ನಿಂತು ಕರೆದಿದ್ದರು. "ಟೀಚರ್, ನಿಮ್ಮ ಕಡೆಯಿಂದ ನಮ್ಮ ಗೋಡೆ ಬುಡಕ್ಕೆ ನೀರಿಳೀತಿದೆ ಅನ್ಸುತ್ತೆ, ಒಂದ್ಸಲ ನೋಡ್ಸಿ." "ಮಳೆ ಹಿಡಿದಿದೆಯಲ್ಲ ಅಕ್ಕಾ, ಅದಕ್ಕೇ ಇರಬೇಕು" ಎಂದು ಒಳಗೆ ಬಂದಿದ್ದೆ. ಬೇಸಿಗೆಯಲ್ಲಿ ಇನ್ನೊಮ್ಮೆ ಹೇಳಿದರು. ನೋಡಿಸುತ್ತೇನೆ ಎಂದೆ, ನೋಡಿಸಲಿಲ್ಲ. ಮೊದಲ ಮಾತಿನವರೆಗೆ ಆದದ್ದು ಅಜ್ಞಾನ. ಅಲ್ಲಿಂದಾಚೆ ಆದದ್ದೆಲ್ಲ ಪ್ರಮಾದ. ಕಣ್ಣಿಗೆ ಕಾಣದ್ದಕ್ಕೆ ನಾವು ಹೊಣೆಯಲ್ಲ. ಅದರ ಗುರುತು ಕಂಡ ಮೇಲೂ ನೋಡಲು ಹೋಗದಿದ್ದರೆ ಹೊಣೆಯೇ. ಇದರಲ್ಲಿ ನನಗೆ ಈಗ ಯಾವ ಸಂಶಯವೂ ಉಳಿದಿಲ್ಲ.

ನೆಲ ಅಗೆದ ದಿನ ಪೈಪಿನ ಎಲ್ಬೋ ಹತ್ತಿರ ಥ್ರೆಡ್ಡಿನಲ್ಲಿ ಸೂಜಿ ತೂರುವಷ್ಟು ತೂತು ಸಿಕ್ಕಿತು. ಥ್ರೆಡ್ ಕೊರೆಯುವಾಗ ಸತುವಿನ ಲೇಪ ಹೋಗುತ್ತದೆ, ತುಕ್ಕು ಮೊದಲು ಹಿಡಿಯುವುದು ಅಲ್ಲೇ. ಅಲ್ಲೊಂದು ಕ್ಲ್ಯಾಂಪ್ ಹಾಕಿದರೆ ನಾಳೆ ಇನ್ನೊಂದು ಕಡೆ ಬಾಯಿ ಬಿಡುತ್ತದೆ ಎಂದ ಹುಡುಗ. ಹಳೆಯ ಲೈನಿನ ಎರಡೂ ತುದಿ ಮುಚ್ಚಿಸಿ, ಗೋಡೆಯ ಹೊರಗೆ ಕಾಣುವಂತೆಯೇ ಹೊಸ ಸಿಪಿವಿಸಿ ಪೈಪು ಎಳೆಸಿದೆ. ನೋಡಲು ಚೆನ್ನಾಗಿಲ್ಲ, ಸೋರಿದರೆ ಅಂದೇ ತಿಳಿಯುತ್ತದೆ. ಆ ಗೂಡಿನಲ್ಲಿ ಎರೆಹುಳುಗಳು ಮನೆಮಾಡಿದ್ದವು. ಹಾರೆ ಹಿಡಿದವನನ್ನು ತಡೆದು, ಬಾಳೆಲೆಯ ಮೇಲೆ ಒದ್ದೆ ಮಣ್ಣು ಸಮೇತ ಒಂದೊಂದನ್ನೇ ಎತ್ತಿ ಹಿತ್ತಿಲ ಬಾಳೆಬುಡಕ್ಕೆ ಬಿಟ್ಟೆ. ಹನ್ನೊಂದು ಇದ್ದವು. ಹಾರೆಗೆ ಎಷ್ಟು ಸಿಕ್ಕಿದವೋ ಎಣಿಸಲಾಗಲಿಲ್ಲ. ಮನೆವಾರ್ತೆಯಲ್ಲಿ ತಪ್ಪಿಸಲಾಗದ ಆರಂಭೀ ಹಿಂಸೆ ಎಂದು ಶಾಸ್ತ್ರ ಅದನ್ನು ಬೇರೆಯಾಗಿ ಎಣಿಸುತ್ತದೆ. ಆದರೂ ಕೈ ನಡುಗಿತು.

ಗೂಡಿಗೆ ಮರಳು ಜಲ್ಲಿ ತುಂಬಿಸಿ ಕಾಂಕ್ರೀಟು ಹಾಕಿದ ಸಂಜೆಯೇ ಅಕ್ಕನ ಮನೆಗೆ ಹೋದೆ. ಪರ್ವ ಮುಗಿದ ಮೇಲೆ ಕ್ಷಮಾವಣಿಯ ದಿನ ಎಲ್ಲರಲ್ಲೂ ಕ್ಷಮೆ ಬೇಡುತ್ತೇವೆ, ಆದರೆ ಭಾದ್ರಪದ ಇನ್ನೂ ದೂರವಿತ್ತು. "ನೀವು ಹೇಳಿದಾಗಲೇ ಕೇಳಬೇಕಿತ್ತು ಅಕ್ಕಾ, ತಪ್ಪಾಯ್ತು" ಎಂದೆ. ಅವರು ನನ್ನನ್ನು ಒಳಗೆ ಕರೆದು ಮಂಚ ಸರಿಸಿ ಗೋಡೆ ತೋರಿಸಿದರು. ಮೊಣಕಾಲೆತ್ತರ ಗಾರೆ ಬಿದ್ದುಹೋಗಿತ್ತು. ಅವರ ಮೊಮ್ಮಗ ಮಲಗುವ ಮಂಚ ಅದು. ಗಾರೆಯ ಖರ್ಚು ನಾನು ಕೊಟ್ಟೆ. ಮೊದಲು ಬೇಡವೆಂದರು, ಆಮೇಲೆ ತೆಗೆದುಕೊಂಡರು.

ನಿಮ್ಮ ಮನೆಯೂ ಹಳೆಯದಾಗಿದ್ದರೆ, ನೆಲದಡಿ ಜಿಐ ಪೈಪಿದ್ದರೆ, ಇವತ್ತು ರಾತ್ರಿ ನಲ್ಲಿಗಳನ್ನೆಲ್ಲ ಮುಚ್ಚಿ ಟ್ಯಾಂಕಿಗೊಂದು ಕಡ್ಡಿ ಇಳಿಸಿ ನೋಡಿ. ಪಕ್ಕದ ಮನೆಯವರು ಒಂದು ಮಾತು ಹೇಳಿದ್ದರೆ, ದಯವಿಟ್ಟು ನಾಳೆಗೆ ಇಡಬೇಡಿ.